ಎರಡು ಮೋಟಾರುಗಳ ಗ್ಯಾಂಟ್ರಿ: ಹೋಮಿಂಗ್ ದೋಷದ ಪತ್ತೆ ಹಾಗೂ ಪರಿಹಾರ

ಬಾಗಿಲು, ಚೌಕಟ್ಟು, ದೇವರ ಕೋಣೆಯ ಕೆತ್ತನೆಗಳನ್ನು ಸಿ.ಎನ್.ಸಿ. ರೌಟರ್ ಯಂತ್ರದ ಮೇಲೆ ತಯಾರಿಸುವ ಸಣ್ಣ ಘಟಕಕ್ಕೆ ಯಂತ್ರವು ನಿಂತ ಒಂದೊಂದು ದಿನವೂ ನಷ್ಟವೇ. ರೋಣ, ನರಗುಂದ, ಗಜೇಂದ್ರಗಡಗಳಂತಹ ಊರುಗಳಲ್ಲಿ ಇಂತಹ ದುರಸ್ತಿಗೆ ಸಾಮಾನ್ಯವಾಗಿ ಹುಬ್ಬಳ್ಳಿಯತ್ತಲೇ ನೋಡಬೇಕಾಗುತ್ತದೆ. ನರಗುಂದವಾದರೂ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಗಜೇಂದ್ರಗಡಕ್ಕೆ ತಂತ್ರಜ್ಞನು ಬಂದು ಹೋಗುವಷ್ಟರಲ್ಲಿ ದಿನವೇ ಕಳೆದಿರುತ್ತದೆ. ಹಾಗೆ ಕರೆಸಿದ ಮೇಲೆ ದೋಷವು ಎರಡು ತಂತಿಗಳ ಅದಲುಬದಲಿನಲ್ಲಿ ದೊರೆತರೆ ಮಾಲೀಕನಿಗಾಗುವ ಬೇಸರವನ್ನು ಹೇಳಬೇಕಾಗಿಲ್ಲ.

ಸ್ಟೆಪ್ಪರ್ ಮೋಟಾರಿನ ಸಾಮಾನ್ಯ ಯಂತ್ರಕ್ಕೆ ವಿದ್ಯುತ್ ಹೋದೊಡನೆ ತಾನು ಎಲ್ಲಿದ್ದೇನೆಂಬುದರ ಅರಿವು ಉಳಿಯುವುದಿಲ್ಲ. ಮರಳಿ ಚಾಲೂ ಮಾಡಿದಾಗ ಅದು ಒಂದು ತುದಿಗೆ ಸರಿದು, ಅಲ್ಲಿರುವ ಸೆನ್ಸರನ್ನು ಗುರುತಿಸಿ, ಆ ಬಿಂದುವಿನಿಂದ ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತದೆ. ಇದೇ ಹೋಮಿಂಗ್. ಹಾಸಿನ ಮೇಲೆ ಸೇತುವೆಯಂತೆ ಚಲಿಸುವ ಗ್ಯಾಂಟ್ರಿಯನ್ನು ದೊಡ್ಡ ರೌಟರುಗಳಲ್ಲಿ ಎಡಬಲಗಳ ಎರಡು ಮೋಟಾರುಗಳು ಎಳೆಯುತ್ತವೆ. ಇಲ್ಲಿ ಹೋಮಿಂಗ್‌ಗೆ ಎರಡನೆಯ ಹೊಣೆಯೂ ಇದೆ: ಗ್ಯಾಂಟ್ರಿಯನ್ನು ಹಾಸಿಗೆ ಲಂಬವಾಗಿ ನಿಲ್ಲಿಸುವುದು. ಅದಕ್ಕಾಗಿ ಪ್ರತಿ ಬದಿಗೂ ಪ್ರತ್ಯೇಕ ಸೆನ್ಸರ್ ಇದ್ದು, ಎಡ ಸೆನ್ಸರ್ ಎಡ ಮೋಟಾರನ್ನೂ ಬಲ ಸೆನ್ಸರ್ ಬಲ ಮೋಟಾರನ್ನೂ ನಿಲ್ಲಿಸಬೇಕು.

ಈ ಜೋಡಿ ಅದಲುಬದಲಾಗಿದ್ದರೆ ಏನಾಗುವುದೆಂಬುದನ್ನು ಗಮನಿಸಬೇಕು. ಗ್ಯಾಂಟ್ರಿಯು ಕೊಂಚ ಓರೆಯಾಗಿದ್ದು ಎಡಬದಿ ಮುಂದಿದೆಯೆಂದು ಭಾವಿಸೋಣ. ಎಡ ಸೆನ್ಸರ್ ಮೊದಲು ಎಚ್ಚರಗೊಂಡು, ತಪ್ಪಾಗಿ, ಹಿಂದುಳಿದ ಬಲ ಮೋಟಾರನ್ನು ನಿಲ್ಲಿಸುತ್ತದೆ. ನಿಂತ ಬಲಬದಿಯು ತನ್ನ ಸೆನ್ಸರನ್ನು ತಲುಪುವುದೇ ಇಲ್ಲ. ಆದುದರಿಂದ ಎಡ ಮೋಟಾರಿಗೆ ನಿಲ್ಲುವ ಆದೇಶವೂ ಬಾರದೆ ಅದು ಕೊನೆಯ ತಡೆಗೆ ಹೋಗಿ ಗುದ್ದುತ್ತದೆ. ಓರೆ ತಿದ್ದುವ ಬದಲು ಹೆಚ್ಚುತ್ತದೆ. ವಿಚಿತ್ರವೆಂದರೆ, ಗ್ಯಾಂಟ್ರಿ ನೆಟ್ಟಗಿರುವವರೆಗೆ ಎರಡೂ ಸೆನ್ಸರುಗಳು ಬಹುತೇಕ ಒಟ್ಟಿಗೆ ಎಚ್ಚರಗೊಳ್ಳುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಅಡಗಿರಬಲ್ಲದು. ವಿದ್ಯುತ್ ಹೋದಾಗ ಮೋಟಾರುಗಳ ಹಿಡಿತ ಸಡಿಲವಾಗಿ, ಯಾರೋ ಗ್ಯಾಂಟ್ರಿಯನ್ನು ಒಂದು ಬದಿಯಿಂದ ತಳ್ಳಿದ ದಿನ ಅದು ಹೊರಬೀಳುತ್ತದೆ. ಆಗ ‘ವಿದ್ಯುತ್ ಏರಿಳಿತದಿಂದ ಬೋರ್ಡು ಸುಟ್ಟಿತು’ ಎಂಬ ತೀರ್ಮಾನಕ್ಕೆ ಬರುವುದು ಸಹಜ, ಆದರೆ ತಪ್ಪು.

ಪರೀಕ್ಷೆಯನ್ನು ಮೊದಲು ಯಂತ್ರವನ್ನು ಚಲಿಸದೆಯೇ ಮಾಡತಕ್ಕದ್ದು. ಎಡ ಸೆನ್ಸರಿನ ಮುಂದೆ ಕಬ್ಬಿಣದ ಪಾನಾ ಹಿಡಿದು, ಪರದೆಯ ಮೇಲೆ ಯಾವ ಇನ್‌ಪುಟ್ ಬದಲಾಗುತ್ತದೆಂದು ನೋಡಬೇಕು, ಬಲಕ್ಕೂ ಹಾಗೆಯೇ. ಅನಂತರ ಗ್ಯಾಂಟ್ರಿಯನ್ನು ಹಾಸಿನ ನಡುವೆ ತಂದು, ಹೋಮಿಂಗ್ ವೇಗವನ್ನು ನಿಮಿಷಕ್ಕೆ 120 ಮಿ.ಮೀ.ಗೆ, ಅಂದರೆ ಸೆಕೆಂಡಿಗೆ 2 ಮಿ.ಮೀ.ಗೆ ಇಳಿಸಿ ಚಾಲನೆ ಕೊಡಬೇಕು. ಒಬ್ಬನ ಕೈ ತುರ್ತು ನಿಲುಗಡೆಯ ಗುಂಡಿಯ ಮೇಲಿರಲಿ. ಇನ್ನೊಬ್ಬನು ಎಡ ಸೆನ್ಸರಿಗೆ ಪಾನಾ ತೋರಿಸಿದಾಗ ಎಡ ಮೋಟಾರೇ ನಿಲ್ಲಬೇಕು. ಬಲ ಮೋಟಾರು ನಿಂತರೆ ತಕ್ಷಣ ಗುಂಡಿ ಒತ್ತಿ, ವಿದ್ಯುತ್ ಕಡಿದು, ಸೆನ್ಸರಿನ ತಂತಿಗಳನ್ನು ಅದಲಿಸಬೇಕು. ಎರಡೂ ಒಟ್ಟಿಗೆ ನಿಂತರೆ ದೋಷವು ಸೆಟ್ಟಿಂಗಿನಲ್ಲಿದೆ. ಉದಾಹರಣೆಗೆ ಮ್ಯಾಕ್-3ರಲ್ಲಿ ‘ಹೋಮ್ ಸ್ಲೇವ್ ವಿತ್ ಮಾಸ್ಟರ್ ಆ್ಯಕ್ಸಿಸ್’ ಎಂಬ ಆಯ್ಕೆಗೆ ಗುರುತು ಹಾಕಿದ್ದರೆ ಓರೆ ತಿದ್ದುವ ಕೆಲಸ ನಡೆಯುವುದಿಲ್ಲ. ಜಿ.ಆರ್.ಬಿ.ಎಲ್. ನಿಯಂತ್ರಕಗಳಲ್ಲಿ 9ನೇ ಅಲಾರಂ ಬಂದರೆ ಸ್ವಿಚ್ ಸಿಗಲಿಲ್ಲವೆಂದೂ, 8ನೆಯದು ಬಂದರೆ ಹಿಂದೆ ಸರಿದರೂ ಸ್ವಿಚ್ ಬಿಡಲಿಲ್ಲವೆಂದೂ ಅರ್ಥ.

ನಡುದಾರಿಯಲ್ಲೇ ಹೋಮಿಂಗ್ ಮುಗಿದಂತೆ ನಿಲ್ಲುವ ಯಂತ್ರದಲ್ಲಿ ಸ್ಪಿಂಡಲಿನ ಕೇಬಲ್ ಮತ್ತು ಸೆನ್ಸರ್ ತಂತಿ ಒಂದೇ ಕೊಳವೆಯಲ್ಲಿವೆಯೇ ಎಂದು ನೋಡಬೇಕು. ಅವನ್ನು ಬೇರ್ಪಡಿಸಿ, ಕವಚವಿರುವ ತಂತಿಯನ್ನು ಬಳಸಿ, ಆ ಕವಚವನ್ನು ನಿಯಂತ್ರಕದ ಕಡೆಯಲ್ಲಿ ಮಾತ್ರ ಅರ್ಥಿಂಗ್‌ಗೆ ಜೋಡಿಸಿದರೆ ಬಹುಪಾಲು ತೊಂದರೆ ನೀಗುತ್ತದೆ.

ಹೋಮಿಂಗ್ ಸರಿಯಾದ ಮಾತ್ರಕ್ಕೆ ಬಾಗಿಲು ಮೂಲೆಮಟ್ಟಕ್ಕೆ ಬಂತೆಂದಲ್ಲ. ಅಗ್ಗದ ಹಲಗೆಯೊಂದರ ಮೇಲೆ 600 ಮಿ.ಮೀ. ಅಗಲ, 800 ಮಿ.ಮೀ. ಉದ್ದದ ಆಯತದ ನಾಲ್ಕು ಮೂಲೆಗಳಲ್ಲಿ ಯಂತ್ರದಿಂದಲೇ ಸಣ್ಣ ರಂಧ್ರಗಳನ್ನು ಕೊರೆದು ಎರಡೂ ಕರ್ಣಗಳನ್ನು ಅಳೆಯಬೇಕು. ಎರಡೂ 1000 ಮಿ.ಮೀ. ಇರಬೇಕು. ಅವುಗಳ ನಡುವೆ 1.6 ಮಿ.ಮೀ. ವ್ಯತ್ಯಾಸ ಕಂಡರೆ 600 ಮಿ.ಮೀ. ಅಗಲಕ್ಕೆ 1 ಮಿ.ಮೀ. ಓರೆಯಿದೆ. ಹಳಿಗಳ ನಡುವಣ ಅಂತರ 1500 ಮಿ.ಮೀ. ಇದ್ದಲ್ಲಿ ಒಂದು ಬದಿಯ ಸೆನ್ಸರನ್ನು 2.5 ಮಿ.ಮೀ. ಸರಿಸಬೇಕಾಗುತ್ತದೆ. ಹೋಮ್ ತುದಿಯ ಎಡಮೂಲೆಯಿಂದ ಎದುರಿನ ಬಲಮೂಲೆಗೆ ಹೋಗುವ ಕರ್ಣವು ಉದ್ದವಾಗಿದ್ದರೆ ಬಲ ಸೆನ್ಸರನ್ನು ಹೋಮ್ ತುದಿಯತ್ತ ಸರಿಸಬೇಕು. ಇನ್ನೊಂದು ಕರ್ಣ ಉದ್ದವಾದರೆ ಎಡ ಸೆನ್ಸರನ್ನು.

ಆದರೆ ಗ್ಯಾಂಟ್ರಿಯ ತೊಲೆಯನ್ನೇ ಓರೆಯಾಗಿ ಬೋಲ್ಟ್ ಮಾಡಿದ್ದರೆ ಸೆನ್ಸರಿನಿಂದ ಅದನ್ನು ತಿದ್ದಲೆತ್ನಿಸುವುದು ಸಲ್ಲ. ಎರಡು ಮೋಟಾರುಗಳು ಒಂದನ್ನೊಂದು ಎಳೆದಾಡಿ ಬೇರಿಂಗುಗಳನ್ನು ಸವೆಸುತ್ತವೆ. ಮೊದಲು ತೊಲೆಯ ಬೋಲ್ಟುಗಳನ್ನು ಸಡಿಲಿಸಿ ಮೂಲೆಮಟ್ಟಕ್ಕೆ ತಂದು ಬಿಗಿಗೊಳಿಸಿ, ಉಳಿದ ಸಣ್ಣ ವ್ಯತ್ಯಾಸವನ್ನಷ್ಟೇ ಸೆನ್ಸರಿಗೆ ಬಿಡಬೇಕು. ಸಾಗವಾನಿಯ ಹಲಗೆಯನ್ನು ಯಂತ್ರಕ್ಕೆ ಕಟ್ಟುವುದು ಈ ಅಳತೆ ಮುಗಿದ ಮೇಲೆಯೇ.