ತೂಕದ ಕರಿಕಲ್ಲು ಗುರುತಿಸಲು ಯಶಸ್ಸಿನ ಸೂತ್ರಗಳು

ಉತ್ತರ ಕನ್ನಡದ ಜೋಯಿಡಾ, ಯಲ್ಲಾಪುರದ ಕಡೆ ಮ್ಯಾಂಗನೀಸ್ ಅದಿರು ತೆಗೆದ ಕಾಲವಿತ್ತು. ಬಿಸಗೋಡ ಗಣಿಯಿಂದಲೇ ಹೆಸರಾದ ಊರು. ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ತಯಾರಿಸುವ ಕಾರ್ಖಾನೆಯೂ ನಡೆಯಿತು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ, ಹಳಿಯಾಳದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಇದು ಮನೆ ಹತ್ತಿರದ ಪಾಠ. ಈ ಅದಿರಿನ ಪರಿಚಯ ಮಾಡಿಕೊಳ್ಳಿ.

1. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕಲ್ಲು ಎತ್ತಿ ತರಬೇಡಿ, ಅದು ಅಪರಾಧ. ಶಾಲೆಯ ಪ್ರಯೋಗಾಲಯದ ಮಾದರಿ ಸಾಕು.

2. ಬಣ್ಣ ನಂಬಬೇಡಿ, ತೂಕ ನಂಬಿ. ಮೊದಲು ಕಲ್ಲನ್ನು ಹಾಗೇ ತೂಗಿ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಗ್ರಾಂ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. 480 ಗ್ರಾಂ ಕಲ್ಲಿಗೆ 100 ಬಂದರೆ ಸಾಂದ್ರತೆ 4.8. ಬೆಣಚುಕಲ್ಲಿಗೆ ಬರುವುದು 2.65 ಮಾತ್ರ. ಮ್ಯಾಂಗನೀಸ್ ಡೈಆಕ್ಸೈಡ್ ಅದಿರಾದ ಒಳ್ಳೆಯ ಪೈರೊಲುಸೈಟ್ 5ರ ಆಸುಪಾಸಿನಲ್ಲಿರುತ್ತದೆ. ರಂಧ್ರವಿರುವ ಕಲ್ಲು ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಎಚ್ಚರ.

3. ಬಚ್ಚಲಿನ ಟೈಲ್ಸ್ ತಿರುಗಿಸಿ, ಹೊಳಪಿಲ್ಲದ ಬೆನ್ನಿನ ಮೇಲೆ ಗೀಚಿ. ಕಪ್ಪು ಗೆರೆ ಬಿದ್ದು, ಬೆರಳಿಗೂ ಮಸಿ ಹತ್ತಿದರೆ ಪೈರೊಲುಸೈಟ್ ಇರಬಹುದು. ಕೆಂಪುಗಂದು ಗೆರೆ ಬಿದ್ದರೆ ಅದು ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ತೂಕದಲ್ಲಿ ಎರಡೂ ಒಂದೇ ಅನಿಸುವುದರಿಂದ ಈ ಗೆರೆಯೇ ನಿಜವಾದ ತೀರ್ಪುಗಾರ.

4. ಅಯಸ್ಕಾಂತ ತೋರಿಸಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್, ಕಬ್ಬಿಣದ ಇನ್ನೊಂದು ಅದಿರು.

5. ಶಿಕ್ಷಕರ ಎದುರು, ಕನ್ನಡಕ ಹಾಕಿಕೊಂಡು, ಕಲ್ಲಿನ ಮೇಲೆ ತೆಳು ಹೈಡ್ರೋಜನ್ ಪೆರಾಕ್ಸೈಡ್‌ನ ಎರಡು ಹನಿ ಬಿಡಿ. ಮ್ಯಾಂಗನೀಸ್ ಡೈಆಕ್ಸೈಡ್ ಇದ್ದರೆ ಭರ್ರನೆ ನೊರೆ ಉಕ್ಕುತ್ತದೆ, ಅದು ಆಮ್ಲಜನಕ. ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಬೇಡವೇ ಬೇಡ, ವಿಷದ ಕ್ಲೋರಿನ್ ಏಳುತ್ತದೆ.

6. ಉಪಯೋಗ ತಿಳಿದರೆ ಕಲ್ಲಿನ ಬೆಲೆ ತಿಳಿಯುತ್ತದೆ. ಮ್ಯಾಂಗನೀಸಿನ ಬಹುಪಾಲು ಉಕ್ಕಿಗೇ ಹೋಗುತ್ತದೆ. 1882ರಲ್ಲಿ ಇಂಗ್ಲೆಂಡಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಸುಮಾರು ಶೇಕಡಾ 12ರಷ್ಟು ಮ್ಯಾಂಗನೀಸ್ ಬೆರೆಸಿ ಮಾಡಿದ ಉಕ್ಕು ಪೆಟ್ಟು ತಿಂದಷ್ಟೂ ಗಟ್ಟಿಯಾಗುತ್ತದೆ. ರೈಲು ಹಳಿಗಳು ಕೂಡುವಲ್ಲಿ, ಜಲ್ಲಿ ಕ್ರಷರಿನ ದವಡೆಯಲ್ಲಿ ಅದೇ ಇರುತ್ತದೆ. ಟಾರ್ಚಿನ ಸಾಮಾನ್ಯ ಸೆಲ್ ಒಳಗಿನ ಕಪ್ಪು ಪುಡಿಯಲ್ಲೂ ಇದೇ ಮ್ಯಾಂಗನೀಸ್ ಡೈಆಕ್ಸೈಡ್.

7. ಅದಿರನ್ನು ಪುಡಿ ಮಾಡಬೇಡಿ. ಇದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಣಿ ಕಾರ್ಮಿಕರ ನರಗಳೇ ಹಾಳಾಗಿವೆ.

8. ಪ್ರತಿ ಮಾದರಿಗೂ ಊರು, ದಿನಾಂಕ, ಸಾಂದ್ರತೆ, ಗೆರೆಯ ಬಣ್ಣ ಬರೆದ ಚೀಟಿ ಅಂಟಿಸಿ. ಮುಂದೆ ಓದುವ ಆಸೆಯಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಈ ಚೀಟಿಗಳ ಸಮೇತ ಹೋಗಿ.