ಮನಸ್ಸಿನ ಖಿನ್ನತೆ ಮತ್ತು ಎಲುಬಿನ ಬಲ

ಎಲುಬು ಜಡವಸ್ತುವಲ್ಲ, ಸದಾ ಸವೆಯುತ್ತ, ಮತ್ತೆ ಕೂಡಿಕೊಳ್ಳುತ್ತ ಇರುವ ಸಜೀವ ಅಂಗ. ಸವೆತವೇ ಮಿಗಿಲಾದಾಗ ಅದು ಟೊಳ್ಳಾಗುತ್ತದೆ; ಇದೇ ಅಸ್ಥಿರಂಧ್ರತೆ. ದೀರ್ಘಕಾಲದ ಖಿನ್ನತೆಯೂ ಇದಕ್ಕೆ ಎಡೆಗೊಡಬಲ್ಲುದೆಂಬುದನ್ನು ಹಲವರು ಅರಿಯರು. 1996ರಲ್ಲಿ ಅಮೆರಿಕದ ಸಂಶೋಧಕರು ಖಿನ್ನತೆಗೊಳಗಾಗಿದ್ದ 24 ಮಹಿಳೆಯರನ್ನು ಪರೀಕ್ಷಿಸಿದಾಗ, ಅವರ ಬೆನ್ನೆಲುಬಿನ ಸಾಂದ್ರತೆ ಇತರ ಮಹಿಳೆಯರದಕ್ಕಿಂತ ಸರಾಸರಿ ಶೇಕಡಾ 6.5ರಷ್ಟು ಕಡಿಮೆಯಿದ್ದುದು ಕಂಡುಬಂದಿತು.

ಖಿನ್ನರಾದ ಅನೇಕರಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು ಎಲುಬು ಕಟ್ಟುವ ಜೀವಕೋಶಗಳನ್ನು ಕುಗ್ಗಿಸುತ್ತದೆ. ಊಟ, ನಡಿಗೆ, ಬಿಸಿಲು ತಪ್ಪುವುದರಿಂದಲೂ ಹಾನಿಯುಂಟು. ಕೆಲವು ಖಿನ್ನತಾನಿವಾರಕ ಔಷಧಗಳಿಗೂ ಎಲುಬಿನ ಮುರಿತಕ್ಕೂ ನಂಟು ಕಂಡಿದೆಯಾದರೂ, ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಲಾಗದು. ಎಲುಬಿನ ಪರೀಕ್ಷೆಯ ಅಗತ್ಯವನ್ನು ಅವರಲ್ಲೇ ವಿಚಾರಿಸಬೇಕು. ರಾಗಿ, ಹಾಲು, ಎಳ್ಳುಗಳ ಆಹಾರ ಹಿತಕರ. ಮಂಕಾಗಿ ಮೂಲೆ ಸೇರಿದವರನ್ನು ಸೋಮಾರಿಗಳೆಂದು ಜರೆಯದೆ, ಜೊತೆಗೂಡಿ ಬಿಸಿಲಿಗೆ ಕರೆದೊಯ್ಯುವುದು ನಮ್ಮೆಲ್ಲರ ಕರ್ತವ್ಯ.