ಸತ್ತ ನರಿಯೂ ಹುಚ್ಚುರೋಗವೂ
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಹುಚ್ಚುನಾಯಿ ಕಚ್ಚಿದರೆ ಪ್ರಾಣಾಪಾಯವುಂಟೆಂಬುದು ಗ್ರಾಮವಾಸಿಗಳೆಲ್ಲರಿಗೂ ತಿಳಿದ ವಿಷಯವೇ. ಆದರೆ ಸತ್ತ ಪ್ರಾಣಿಯಿಂದಲೂ, ಕಡಿತವಿಲ್ಲದೆಯೇ, ಈ ರೋಗವು ಮನುಷ್ಯನಿಗೆ ಅಂಟಬಹುದೆಂಬುದನ್ನು ಅನೇಕರು ಅರಿಯರು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ತಾವು ತಿಳಿದುಕೊಂಡು ತಮ್ಮ ಆಳುಕಾಳುಗಳಿಗೂ ತಿಳಿಯಹೇಳುವುದು ಅವಶ್ಯಕವು.

ಕೆಲವು ವರ್ಷಗಳ ಹಿಂದೆ ಈ ಲೇಖಕನು ಕಬ್ಬಿನ ಬೆಳೆಯನ್ನು ನೋಡುವುದಕ್ಕಾಗಿ ಒಂದು ಗ್ರಾಮಕ್ಕೆ ಹೋಗಿದ್ದಾಗ, ಜಮೀನುದಾರರೊಬ್ಬರ ಕಣದಲ್ಲಿ ಆಳೊಬ್ಬನು ಸತ್ತ ನರಿಯ ಚರ್ಮವನ್ನು ಸುಲಿಯುತ್ತಿದ್ದನು. ಆ ನರಿಯು ಎರಡು ದಿನಗಳ ಹಿಂದೆ ಹಾಡಹಗಲಿನಲ್ಲಿಯೇ ಊರೊಳಕ್ಕೆ ನುಗ್ಗಿ, ಒಂದು ಕರುವನ್ನು ಕಚ್ಚಿ, ಬಳಿಕ ಗದ್ದೆಯ ಬದುವಿನ ಮೇಲೆ ಸತ್ತುಬಿದ್ದಿತ್ತು. ಚರ್ಮಕ್ಕೆ ಹೊಟ್ಟು ತುಂಬಿ ಹಜಾರದಲ್ಲಿ ನಿಲ್ಲಿಸಬೇಕೆಂಬುದು ಯಜಮಾನರ ಆಸೆ. ತಲೆಯನ್ನೊಡೆದು ಅದೃಷ್ಟಕರವೆಂದು ಹೇಳುವ ‘ನರಿಯ ಕೊಂಬ’ನ್ನು ತೆಗೆದುಕೊಳ್ಳಬೇಕೆಂಬುದು ಆಳಿನ ಆಸೆ. ಅವನ ಹೆಬ್ಬೆರಳಿಗೆ ಆಗಲೇ ಚಾಕು ತಗುಲಿ ಗಾಯವಾಗಿತ್ತು. ಎಚ್ಚರಿಸಲಾಗಿ, “ಕಚ್ಚಲಿಲ್ಲವಲ್ಲ ಸ್ವಾಮಿ, ಸತ್ತ ನರಿ ಏನು ಮಾಡೀತು?” ಎಂದನು.

ಅವನ ಕೈಯನ್ನು ಸೋಪಿನಿಂದ ತೊಳೆಯಿಸಿ ಅದೇ ದಿನ ಆಸ್ಪತ್ರೆಗೆ ಕಳುಹಿಸಲಾಯಿತು. ಪಶುವೈದ್ಯರು ನರಿಯ ತಲೆಯನ್ನು ಪರೀಕ್ಷೆಗೆ ಕಳುಹಿಸಿದರು, ಹುಚ್ಚುರೋಗವಿದ್ದುದು ಸ್ಥಿರಪಟ್ಟಿತು. ಚುಚ್ಚುಮದ್ದನ್ನು ಪೂರ್ತಿಯಾಗಿ ತೆಗೆದುಕೊಂಡ ಆಳು ಇಂದಿಗೂ ಕ್ಷೇಮವಾಗಿರುವನು. ಕರುವಿನ ವಿಷಯದಲ್ಲಿ ಉದಾಸೀನ ಮಾಡಿದ್ದರಿಂದ ಅದು ಕೆಲವು ವಾರಗಳ ಮೇಲೆ ಅದೇ ರೋಗದಿಂದ ಸತ್ತಿತು.

ರೋಗವು ಅಂಟುವ ಬಗೆ:—ಈ ರೋಗದ ವೈರಾಣುವು ಪ್ರಾಣಿಯ ಜೊಲ್ಲಿನಲ್ಲಿಯೂ ಮಿದುಳು, ಬೆನ್ನುಹುರಿ, ನರಗಳಲ್ಲಿಯೂ ಇರುವುದು. ಪ್ರಾಣಿಯು ಸತ್ತೊಡನೆಯೇ ಇದು ನಾಶವಾಗುವುದಿಲ್ಲ. ತಂಪಾದ ಸ್ಥಳದಲ್ಲಿ ಹೆಚ್ಚು ಕಾಲ ಉಳಿಯುವುದು. ಗಾಯವಿಲ್ಲದ ಚರ್ಮದ ಮೂಲಕ ಇದು ಒಳಹೊಗಲಾರದು. ಆದರೆ ಕೈಯ ಗೀರು, ಕಣ್ಣು, ಮೂಗು, ಬಾಯಿಗಳು ಇದಕ್ಕೆ ಬಾಗಿಲುಗಳು. ವಿಯಟ್ನಾಂ ದೇಶದಲ್ಲಿ ನಾಯಿ, ಬೆಕ್ಕುಗಳನ್ನು ಕೊಯ್ದು ಮಾಂಸವನ್ನು ಸಿದ್ಧಪಡಿಸಿದ ಇಬ್ಬರು ಈ ರೋಗದಿಂದ ಸತ್ತ ಸಂಗತಿಯು 2009ರಲ್ಲಿ ಪ್ರಕಟವಾಗಿದೆ. ರೋಗಲಕ್ಷಣವು ಸಾಮಾನ್ಯವಾಗಿ 2–3 ತಿಂಗಳ ಮೇಲೆ ಕಾಣುವುದು. ಕಂಡ ಮೇಲೆ ಬದುಕುವವರು ಅತಿ ವಿರಳ. ಆದಕಾರಣ ಮೊದಲೇ ಮಾಡುವ ಚಿಕಿತ್ಸೆಯೊಂದೇ ಗತಿ.

ಕಾನೂನು:—ಮೈಸೂರಿನ ವಾನ್ ಇಂಗೆನ್ ಕಾರ್ಯಾಲಯದಲ್ಲಿ 20ನೆಯ ಶತಮಾನದಲ್ಲಿ ಹುಲಿ, ಚಿರತೆಗಳ ಚರ್ಮ ತುಂಬಿ ನಿಲ್ಲಿಸುವ ಕೆಲಸವು ನಡೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಕಾಲವು ಕಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿ, ಮುಂಗುಸಿ ಮೊದಲಾದವನ್ನು ಕೊಲ್ಲುವುದೂ, ಸತ್ತುದರ ಚರ್ಮವನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ‘ನರಿಯ ಕೊಂಬು’ ಎಂಬುದೂ ಬರಿಯ ಮೋಸ. ನರಿಗೆ ಕೊಂಬೇ ಇಲ್ಲ. ಇದನ್ನರಸುವವನು ವಿಷವು ತುಂಬಿರುವ ಮಿದುಳಿಗೇ ಕೈಹಾಕುವನು.

ಅನುಸರಿಸತಕ್ಕ ಕ್ರಮಗಳು:—

1. ಸತ್ತ ಕಾಡುಪ್ರಾಣಿಯನ್ನು ಮುಟ್ಟದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ತಲೆಯನ್ನು ಜಜ್ಜಬಾರದು, ಪರೀಕ್ಷೆಯು ಮಿದುಳಿನಿಂದಲೇ ಆಗಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆ ಪ್ರಯೋಗಶಾಲೆಯುಂಟು.

2. ಅಪ್ಪಣೆ ಪಡೆದು ಕಾಡುಪ್ರಾಣಿಗಳ ಚರ್ಮ ತುಂಬುವವರೂ, ಉದ್ಯೋಗನಿಮಿತ್ತ ಅವುಗಳ ಹೆಣ ಮುಟ್ಟುವವರೂ ಮುಂಚಿತವಾಗಿಯೇ ಚುಚ್ಚುಮದ್ದನ್ನು ಹಾಕಿಸಿಕೊಂಡಿರಬೇಕು. ರಬ್ಬರಿನ ಕೈಚೀಲ, ಕನ್ನಡಕ, ಮುಖವಸ್ತ್ರಗಳನ್ನು ಧರಿಸಬೇಕು. ರೋಗದ ಸಂದೇಹವಿದ್ದರೆ ಚರ್ಮದಾಸೆಯನ್ನೇ ಬಿಡತಕ್ಕದ್ದು. ಚರ್ಮಕ್ಕೆ ಉಪ್ಪು ಸವರಿದ ಮಾತ್ರಕ್ಕೆ ನಿರ್ಭಯವೆಂದು ನಂಬಬಾರದು.

3. ಗಾಯವಾದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ, ಸುರಿಯುವ ನೀರಿನಲ್ಲಿ ಸೋಪಿನಿಂದ 15 ನಿಮಿಷ ತೊಳೆಯಬೇಕು; ಕಣ್ಣಿಗೆ ಬಿದ್ದರೆ ಬರಿಯ ನೀರೇ ಸಾಕು. ಸುಣ್ಣ, ಮೆಣಸಿನಪುಡಿ, ಎಣ್ಣೆಗಳನ್ನು ಹಚ್ಚಕೂಡದು.

4. ಅದೇ ದಿನ ಆಸ್ಪತ್ರೆಗೆ ಹೋಗಿ, “ಕಚ್ಚಿಲ್ಲ, ಆದರೆ ಹೆಣವನ್ನು ಮುಟ್ಟಿದೆನು” ಎಂದು ಸ್ಪಷ್ಟವಾಗಿ ಹೇಳಬೇಕು. ಚರ್ಮದೊಳಕ್ಕೆ ಹಾಕುವ ಕ್ರಮದಲ್ಲಿ, ಮೊದಲನೆಯ ದಿನವೂ ಅಲ್ಲಿಂದ 3, 7, 28ನೆಯ ದಿನಗಳಲ್ಲಿಯೂ ಮದ್ದು ಚುಚ್ಚುವರು. ಒಂದನ್ನೂ ತಪ್ಪಿಸಬಾರದು. ವೈದ್ಯರು ಹೇಳಿದರೆ ಗಾಯದ ಸುತ್ತ ಚುಚ್ಚುವ ಬೇರೆ ಮದ್ದನ್ನೂ ಹಾಕಿಸಿಕೊಳ್ಳಬೇಕು.

5. ಬಳಸಿದ ಚಾಕುವನ್ನು ನೀರಿನಲ್ಲಿ ಕುದಿಸಬೇಕು.

6. ಜೊಲ್ಲು ಸುರಿಸುತ್ತ ವಿಕಾರವಾಗಿ ಕೂಗುವ ದನದ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈಹಾಕಬಾರದು. ಹುಚ್ಚುಪ್ರಾಣಿ ಕಚ್ಚಿದ ದನವನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಬೆಳಿಗ್ಗೆ ನರಿಯ ಮುಖ ಕಂಡರೆ ಶುಭವೆಂಬ ಮಾತು ನಮ್ಮಲ್ಲುಂಟು. ಕಾಣುವುದರಿಂದ ಕೇಡೇನೂ ಇಲ್ಲ, ಮುಟ್ಟದಿರುವುದೇ ಕ್ಷೇಮ. ಯಜಮಾನರ ಅಪ್ಪಣೆಯಿಂದಲೇ ಆಳು ಚಾಕು ಹಿಡಿಯುವನಾದ್ದರಿಂದ, ಅವನ ಪ್ರಾಣದ ಹೊಣೆಯೂ ಯಜಮಾನರದೇ ಎಂಬುದನ್ನು ವಾಚಕರು ಮರೆಯಬಾರದು.